ಪೆದ್ದು ಸಸಿಯಿಂದ ಗಿಡ್ಡ ತಳಿಯವರೆಗೆ: ಜಿಬ್ಬರೆಲಿನ್ ಎಂಬ ಸಸ್ಯಚೋದಕದ ರಸಾಯನ ಮತ್ತು ಪ್ರಭಾವ

೧

ಭತ್ತದ ಸಸಿಮಡಿಯಲ್ಲಿ ಕೆಲವು ಸಸಿಗಳು ಜೊತೆಯ ಸಸಿಗಳನ್ನು ಹಿಂದೆ ಹಾಕಿ ಒಮ್ಮೆಗೇ ಎತ್ತರಕ್ಕೆ ಬೆಳೆದು ನಿಲ್ಲುವುದುಂಟು. ಅವುಗಳ ಎಲೆ ಬಿಳಿಚಿಕೊಂಡಿರುತ್ತದೆ. ದಂಟು ಸಣ್ಣಗೆ, ನೀಳವಾಗಿರುತ್ತದೆ. ದೂರದಿಂದ ನೋಡಿದವರಿಗೆ ಇಡೀ ಮಡಿಯಲ್ಲಿ ಇವೇ ಹುಲುಸಾದ ಸಸಿಗಳೆಂಬ ಭ್ರಮೆ ಹುಟ್ಟುವುದು ಸಹಜ. ಆದರೆ ನಾಟಿ ಮಾಡಿದ ಮೇಲೆ ಇವುಗಳಲ್ಲಿ ಬಹುಪಾಲು ಒಣಗಿ ಸಾಯುತ್ತವೆ. ಉಳಿದುಕೊಂಡವು ತೆನೆ ಬಿಟ್ಟರೂ ಕಾಳು ಕಟ್ಟದೆ ಜೊಳ್ಳಾಗುತ್ತವೆ. ಜಪಾನಿನ ಬೇಸಾಯಗಾರರು ಈ ಬೇನೆಗೆ ‘ಬಕಾನೆ’ ಎಂದು ಹೆಸರಿಟ್ಟರು. ಪೆದ್ದು ಸಸಿ ಎಂಬುದು ಆ ಪದದ ಅರ್ಥ. ತನ್ನ ಶಕ್ತಿಯನ್ನೆಲ್ಲ ಎತ್ತರಕ್ಕೆ ವೆಚ್ಚಮಾಡಿ ಕಾಳಿಗೆ ಏನನ್ನೂ ಉಳಿಸಿಕೊಳ್ಳದ ಸಸಿಗೆ ಇದಕ್ಕಿಂತ ಒಪ್ಪುವ ಹೆಸರು ಬೇರೆ ಇರಲಾರದು.

ಈ ಬೇನೆಯ ಕಾರಣವನ್ನು ಹುಡುಕಹೊರಟವರ ಕೈಗೆ ಕೊನೆಗೆ ಸಿಕ್ಕಿದ್ದು, ಎಲ್ಲ ಮೇಲ್ವರ್ಗದ ಸಸ್ಯಗಳ ಬೆಳವಣಿಗೆಯನ್ನೂ ಆಳುವ ಒಂದು ರಾಸಾಯನಿಕ ವಸ್ತು. ಅದರ ಹೆಸರು ಜಿಬ್ಬರೆಲಿನ್. ಈ ವಸ್ತುವು ಅತಿಯಾದಾಗ ಬೆಳೆ ಜೊಳ್ಳಾಯಿತು. ಇದೇ ವಸ್ತುವಿನ ಕೊರತೆಯಿಂದ, ಅಥವಾ ಇದರ ಆಜ್ಞೆಗೆ ಕಿವಿಗೊಡದಂಥ ತಳಿಗಳಿಂದ, ೧೯೬೦ರ ದಶಕದ ಉತ್ತರಾರ್ಧದಲ್ಲಿ ಏಷ್ಯಾ ಖಂಡದ ಅನ್ನದ ಕಣಜ ತುಂಬಿತು. ಅತಿರೇಕ ಮತ್ತು ಅಭಾವಗಳ ನಡುವಣ ಈ ಕಥೆಯನ್ನು ತಿಳಿದರೆ ಸಸ್ಯಚೋದಕಗಳ ಸ್ವಭಾವವೇನೆಂಬುದು ಬಹುಮಟ್ಟಿಗೆ ತಿಳಿದಂತೆ.

೨

ಪ್ರಾಣಿಗಳ ದೇಹದಲ್ಲಿ ಒಂದೆಡೆ ಹುಟ್ಟಿ ಇನ್ನೊಂದೆಡೆ ಕಾರ್ಯವೆಸಗುವ ರಾಸಾಯನಿಕ ದೂತರಿಗೆ ೧೯೦೫ರಲ್ಲಿ ಇಂಗ್ಲೆಂಡಿನ ಸ್ಟಾರ್ಲಿಂಗ್ ಎಂಬ ಶರೀರಶಾಸ್ತ್ರಜ್ಞನು ‘ಹಾರ್ಮೋನು’ ಎಂಬ ಪದವನ್ನು ಬಳಕೆಗೆ ತಂದನು. ಚೋದಿಸು, ಎಬ್ಬಿಸು ಎಂಬರ್ಥದ ಗ್ರೀಕ್ ಧಾತುವಿನಿಂದ ಬಂದ ಪದವಿದು. ಕನ್ನಡದಲ್ಲಿ ಚೋದಕ ಎಂದರೆ ಸಲ್ಲುತ್ತದೆ. ಸಸ್ಯಗಳಿಗೆ ಗ್ರಂಥಿಗಳಿಲ್ಲ, ರಕ್ತವಿಲ್ಲ, ನರಗಳಿಲ್ಲ. ಆದರೂ ಅವುಗಳಲ್ಲಿ ದೂತವಸ್ತುಗಳಿವೆ. ಚಿಗುರು, ಎಳೆಯ ಎಲೆ, ಬೇರಿನ ತುದಿ, ಬಲಿಯುತ್ತಿರುವ ಬೀಜ—ಇವು ಆ ವಸ್ತುಗಳನ್ನು ಅತ್ಯಲ್ಪ ಪ್ರಮಾಣದಲ್ಲಿ ತಯಾರಿಸುತ್ತವೆ.

ಇವುಗಳಲ್ಲಿ ಐದು ಗುಂಪುಗಳನ್ನು ಪ್ರಧಾನವೆಂದು ಎಣಿಸುವುದು ವಾಡಿಕೆ. ಕಾಂಡವು ಬೆಳಕಿನ ಕಡೆಗೆ ಬಾಗುವುದಕ್ಕೂ ತುಂಡರಿಸಿದ ಕಡ್ಡಿಯು ಬೇರು ಬಿಡುವುದಕ್ಕೂ ಕಾರಣವಾದುದು ಆಕ್ಸಿನ್. ಜೀವಕೋಶಗಳ ವಿಭಜನೆಯನ್ನು ಪ್ರೇರಿಸಿ ಎಲೆಯ ಮುಪ್ಪನ್ನು ಮುಂದೂಡುವುದು ಸೈಟೊಕೈನಿನ್. ಬರಗಾಲದಲ್ಲಿ ಎಲೆಯ ರಂಧ್ರಗಳನ್ನು ಮುಚ್ಚಿಸಿ ನೀರನ್ನು ಉಳಿಸುವುದೂ ಬೀಜವನ್ನು ನಿದ್ರೆಯಲ್ಲಿ ಇರಿಸುವುದೂ ಅಬ್ಸಿಸಿಕ್ ಆಮ್ಲ. ಕಾಯನ್ನು ಹಣ್ಣು ಮಾಡುವುದು ಎಥಿಲೀನ್ ಎಂಬ ಅನಿಲ. ಎರಡು ಇಂಗಾಲ ಪರಮಾಣುಗಳೂ ನಾಲ್ಕು ಜಲಜನಕ ಪರಮಾಣುಗಳೂ ಸೇರಿದ ಇದರಷ್ಟು ಸರಳವಾದ ಚೋದಕ ಮತ್ತೊಂದಿಲ್ಲ. ಅಡೆ ಹಾಕಿದ ಮಾವಿನಕಾಯಿಗಳು ಒಂದನ್ನೊಂದು ಹಣ್ಣು ಮಾಡುವುದು ಈ ಅನಿಲದ ಬಲದಿಂದಲೇ. ಐದನೆಯದೇ ಜಿಬ್ಬರೆಲಿನ್. ಇವಲ್ಲದೆ ಬ್ರಾಸಿನೊಸ್ಟೆರಾಯ್ಡ್, ಜಾಸ್ಮೋನೇಟ್, ಸ್ಟ್ರೈಗೊಲ್ಯಾಕ್ಟೋನ್ ಮೊದಲಾದ ಗುಂಪುಗಳೂ ಆಮೇಲೆ ಬೆಳಕಿಗೆ ಬಂದಿವೆ.

ಚೋದಕವು ಆಹಾರವಲ್ಲ, ಗೊಬ್ಬರವೂ ಅಲ್ಲ. ಅದರಿಂದ ಗಿಡದ ಮೈಗೆ ಒಂದು ಗುಂಜಿಯಷ್ಟೂ ತೂಕ ಸೇರುವುದಿಲ್ಲ. ಇರುವ ಆಹಾರವನ್ನು ಯಾವ ಅಂಗಕ್ಕೆ, ಯಾವಾಗ, ಎಷ್ಟು ವಿನಿಯೋಗಿಸಬೇಕೆಂಬ ಆಜ್ಞೆಯನ್ನು ಮಾತ್ರ ಅದು ಒಯ್ಯುತ್ತದೆ. ಈ ಭೇದವನ್ನು ಮರೆತರೆ ಮುಂದಿನ ಯಾವ ಸಂಗತಿಯೂ ಅರ್ಥವಾಗಲಾರದು.

೩

ಬಕಾನೆ ರೋಗವು ಒಂದು ಶಿಲೀಂಧ್ರದಿಂದ ಬರುವುದೆಂದು ೧೮೯೮ರಲ್ಲಿ ಜಪಾನಿನ ಹೋರಿ ಎಂಬ ವಿಜ್ಞಾನಿಯು ತೋರಿಸಿಕೊಟ್ಟನು. ಫ್ಯುಸೇರಿಯಂ ಜಾತಿಯ ಈ ಶಿಲೀಂಧ್ರಕ್ಕೆ ಅದರ ಲೈಂಗಿಕ ಅವಸ್ಥೆಯ ಆಧಾರದ ಮೇಲೆ ‘ಜಿಬ್ಬರೆಲ್ಲಾ ಫುಜಿಕುರೊಯಿ’ ಎಂಬ ಹೆಸರೂ ಬಂದಿತು. ಸಸಿಯು ಹೀಗೆ ಉದ್ದವಾಗಲು ಶಿಲೀಂಧ್ರವು ಒದಗಿಸುವ ಏನೋ ಒಂದು ಪ್ರಚೋದನೆಯೇ ಕಾರಣವಿರಬೇಕೆಂದು ೧೯೧೨ರಲ್ಲಿ ಸವಾಡಾ ಎಂಬವನು ಊಹಿಸಿದನು. ಊಹೆಯನ್ನು ಪ್ರಯೋಗದಿಂದ ಸ್ಥಾಪಿಸಿದವನು ಕುರೊಸಾವಾ. ಆಗ ಜಪಾನಿನ ಆಳ್ವಿಕೆಯಲ್ಲಿದ್ದ ಫಾರ್ಮೋಸಾ ದ್ವೀಪದಲ್ಲಿ, ಎಂದರೆ ಇಂದಿನ ತೈವಾನಿನಲ್ಲಿ, ಈತನು ಕೆಲಸ ಮಾಡುತ್ತಿದ್ದನು. ಶಿಲೀಂಧ್ರವನ್ನು ದ್ರವದಲ್ಲಿ ಬೆಳೆಸಿ, ಆ ದ್ರವವನ್ನು ಸೋಸಿ, ಶಿಲೀಂಧ್ರವೇ ಇಲ್ಲದ ಬರಿಯ ದ್ರವವನ್ನು ಆರೋಗ್ಯವಾದ ಭತ್ತದ ಸಸಿಗಳಿಗೆ ಉಣಿಸಿ ನೋಡಿದನು. ಸಸಿಗಳು ರೋಗ ತಗುಲಿದವುಗಳಂತೆಯೇ ನೀಳವಾಗಿ ಬೆಳೆದವು. ರೋಗವನ್ನು ತರುವುದು ಜೀವಿಯಾದರೂ ಎತ್ತರವನ್ನು ತರುವುದು ಆ ಜೀವಿಯು ಸ್ರವಿಸುವ ವಸ್ತುವೆಂಬುದು ೧೯೨೬ರ ಈ ಪ್ರಯೋಗದಿಂದ ನಿಸ್ಸಂದೇಹವಾಯಿತು.

ಆ ವಸ್ತುವನ್ನು ಶುದ್ಧರೂಪದಲ್ಲಿ ಹಿಡಿಯುವ ಕಾರ್ಯವನ್ನು ಟೋಕಿಯೋ ವಿಶ್ವವಿದ್ಯಾನಿಲಯದ ಕೃಷಿರಸಾಯನದ ಪ್ರಾಧ್ಯಾಪಕ ಯಾಬುಟಾ ಕೈಗೆತ್ತಿಕೊಂಡನು. ಮೊದಲಿಗೆ ಅವನಿಗೆ ದೊರೆತ ಹರಳು ಬೆಳವಣಿಗೆಯನ್ನು ಹೆಚ್ಚಿಸುವ ಬದಲು ಕುಗ್ಗಿಸುತ್ತಿದ್ದಿತು. ಅದು ಫ್ಯುಸೇರಿಕ್ ಆಮ್ಲವೆಂಬ ಬೇರೊಂದು ವಸ್ತು. ಒಂದೇ ಶಿಲೀಂಧ್ರವು ಬೆಳೆಸುವ ವಸ್ತುವನ್ನೂ ಕುಗ್ಗಿಸುವ ವಸ್ತುವನ್ನೂ ಸ್ರವಿಸುವುದರಿಂದ, ಸಾಕಣೆಯ ದ್ರವದ ಪಾಕ ಸ್ವಲ್ಪ ಬದಲಾದರೂ ಫಲಿತಾಂಶ ಬದಲಾಗುತ್ತಿದ್ದಿತು. ೧೯೩೫ರಲ್ಲಿ ಯಾಬುಟಾ ತನ್ನ ಅರೆಶುದ್ಧ ವಸ್ತುವಿಗೆ ಜಿಬ್ಬರೆಲಿನ್ ಎಂದು ಹೆಸರಿಟ್ಟನು. ೧೯೩೮ರಲ್ಲಿ ಸುಮಿಕಿಯೊಡನೆ ಸೇರಿ ಅದನ್ನು ಹರಳಿನ ರೂಪಕ್ಕೆ ತಂದನು.

ಬಳಿಕ ಯುದ್ಧ ಬಂದಿತು. ಜಪಾನಿನ ಪತ್ರಿಕೆಗಳಲ್ಲಿ ಅಚ್ಚಾಗಿದ್ದ ಈ ಸಂಶೋಧನೆಯು ಪಶ್ಚಿಮ ದೇಶಗಳವರ ಕಣ್ಣಿಗೆ ಬಿದ್ದುದು ಯುದ್ಧ ಮುಗಿದ ನಂತರ. ೧೯೫೪ರಲ್ಲಿ ಇಂಗ್ಲೆಂಡಿನ ವೆಲ್ವಿನ್‌ನಲ್ಲಿದ್ದ ಇಂಪೀರಿಯಲ್ ಕೆಮಿಕಲ್ ಇಂಡಸ್ಟ್ರೀಸ್ ಸಂಸ್ಥೆಯ ಪ್ರಯೋಗಶಾಲೆಯಿಂದ ಜಿಬ್ಬರೆಲಿಕ್ ಆಮ್ಲದ ವರದಿ ಹೊರಬಿದ್ದಿತು. ಅಮೆರಿಕದಲ್ಲಿಯೂ ಟೋಕಿಯೋದಲ್ಲಿಯೂ ಅದೇ ಕಾಲದಲ್ಲಿ ಇದೇ ವಸ್ತು ಬೇರ್ಪಟ್ಟಿತು. ಇಷ್ಟಾದರೂ ಒಂದು ಪ್ರಶ್ನೆ ಉಳಿದಿದ್ದಿತು. ಶಿಲೀಂಧ್ರದ ವಿಷಕ್ಕೆ ಗಿಡವು ಇಷ್ಟು ವಿಧೇಯವಾಗಿ ಓಗೊಡುವುದೇಕೆ? ಗಿಡದಲ್ಲಿಯೇ ಅಂಥದೊಂದು ವಸ್ತು ಸ್ವಾಭಾವಿಕವಾಗಿ ಇದ್ದರೆ ಮಾತ್ರ ಇದು ಸಾಧ್ಯ. ೧೯೫೮ರಲ್ಲಿ ಮ್ಯಾಕ್‌ಮಿಲನ್ ಮತ್ತು ಸೂಟರ್ ಎಂಬವರು ಹುರುಳಿಕಾಯಿಯ ಜಾತಿಯ ಒಂದು ಬಳ್ಳಿಯ ಎಳೆಬೀಜದಿಂದ ಜಿಬ್ಬರೆಲಿನ್ನನ್ನು ಶುದ್ಧವಾಗಿ ಬೇರ್ಪಡಿಸಿ ಆ ಸಂದೇಹವನ್ನು ಪರಿಹರಿಸಿದರು. ಶಿಲೀಂಧ್ರವು ಗಿಡಕ್ಕೆ ಉಣಿಸಿದ್ದು ಹೊರಗಿನ ವಿಷವಲ್ಲ. ಗಿಡದ ಸ್ವಂತ ಆಜ್ಞೆಯ ನಕಲು. ಶಿಲೀಂಧ್ರದಲ್ಲಿ ಈ ವಸ್ತು ಸಿದ್ಧವಾಗುವ ಮಾರ್ಗಕ್ಕೂ ಗಿಡದ ಮಾರ್ಗಕ್ಕೂ ವ್ಯತ್ಯಾಸವುಂಟು. ಆದುದರಿಂದ ಇವೆರಡೂ ಈ ವಿದ್ಯೆಯನ್ನು ಬೇರೆಬೇರೆಯಾಗಿಯೇ ಕಲಿತವೆಂಬುದು ಇಂದಿನ ಸಿದ್ಧಾಂತ.

೪

ಜಿಬ್ಬರೆಲಿನ್ ಎಂಬುದು ಒಂದೇ ವಸ್ತುವಿನ ಹೆಸರಲ್ಲ. ಒಂದು ಕುಲದ ಹೆಸರು. ಈ ಕುಲದಲ್ಲಿ ೧೩೦ಕ್ಕೂ ಹೆಚ್ಚು ವಸ್ತುಗಳನ್ನು ಗುರುತಿಸಿ, ಕಂಡ ಕ್ರಮದಲ್ಲಿ ಅವುಗಳಿಗೆ ಸಂಖ್ಯೆಗಳನ್ನು ಕೊಡಲಾಗಿದೆ. ಇವುಗಳಲ್ಲಿ ಗಿಡದ ಮೇಲೆ ನೇರವಾಗಿ ಕಾರ್ಯಮಾಡುವವು ಬೆರಳೆಣಿಕೆಯಷ್ಟು. ಒಂದು, ಮೂರು, ನಾಲ್ಕು ಮತ್ತು ಏಳನೆಯ ಸಂಖ್ಯೆಯವು ಮುಖ್ಯ. ಉಳಿದವುಗಳಲ್ಲಿ ಹೆಚ್ಚಿನವು ಇವುಗಳಿಗೆ ದಾರಿಯಾಗಿ ಬರುವ ಪೂರ್ವರೂಪಗಳು, ಇಲ್ಲವೆ ಕೆಲಸ ಮುಗಿದ ಮೇಲೆ ಗಿಡವು ನಿಷ್ಕ್ರಿಯಗೊಳಿಸಿದ ರೂಪಗಳು. ಅಂಗಡಿಗಳಲ್ಲಿ ದೊರೆಯುವ ಜಿಬ್ಬರೆಲಿಕ್ ಆಮ್ಲ ಮೂರನೆಯ ಸಂಖ್ಯೆಯದು. ಅದನ್ನು ಇಂದಿಗೂ ಪೆದ್ದು ಸಸಿಯ ಶಿಲೀಂಧ್ರವನ್ನೇ ದೊಡ್ಡ ಹಂಡೆಗಳಲ್ಲಿ ಸಾಕಿ ಪಡೆಯುತ್ತಾರೆ. ಅದರ ಒಂದು ಅಣುವಿನಲ್ಲಿ ೧೯ ಇಂಗಾಲ, ೨೨ ಜಲಜನಕ ಮತ್ತು ೬ ಆಮ್ಲಜನಕದ ಪರಮಾಣುಗಳಿವೆ, ಅಣುತೂಕ ೩೪೬.

ಇದರ ರಚನೆಯ ಮೂಲದ್ರವ್ಯವು ಐದು ಇಂಗಾಲದ ಐಸೊಪ್ರೀನ್ ಎಂಬ ಘಟಕ. ರಬ್ಬರು, ಕರ್ಪೂರ, ಗಜ್ಜರಿಯ ಕೆಂಬಣ್ಣ—ಇವೆಲ್ಲ ಇದೇ ಘಟಕದಿಂದ ಕಟ್ಟಿದವು. ನಾಲ್ಕು ಘಟಕಗಳು ಸಾಲಾಗಿ ಸೇರಿ ೨೦ ಇಂಗಾಲಗಳ ಸರಪಣಿಯಾಗುತ್ತದೆ. ಕಿಣ್ವಗಳು ಈ ಸರಪಣಿಯನ್ನು ಮಡಿಸಿ ಉಂಗುರಗಳನ್ನಾಗಿ ಕಟ್ಟುತ್ತವೆ. ಹೀಗೆ ಕೌರೀನ್ ಎಂಬ ನಾಲ್ಕು ಉಂಗುರಗಳ ವಸ್ತು ಉಂಟಾಗುತ್ತದೆ. ಬಳಿಕ ಹಂತಹಂತವಾಗಿ ಆಮ್ಲಜನಕವು ಸೇರುತ್ತ, ಒಂದು ಉಂಗುರ ಕುಗ್ಗುತ್ತದೆ. ಮುಂದೆ ಒಂದು ಇಂಗಾಲವು ಕಳಚಿಹೋಗಿ ೧೯ ಇಂಗಾಲಗಳ ಕ್ರಿಯಾಶೀಲ ರೂಪವು ಸಿದ್ಧವಾಗುತ್ತದೆ. ಕಾರ್ಯಶೀಲವಾದ ಅಣುವಿಗೂ ನಿಷ್ಪ್ರಯೋಜಕವಾದ ಅಣುವಿಗೂ ಒಂದು ನಿಯತ ಸ್ಥಾನದಲ್ಲಿ ಆಮ್ಲಜನಕ-ಜಲಜನಕಗಳ ಒಂದು ಜೋಡಿ ಇದೆಯೇ ಇಲ್ಲವೇ ಎಂಬುದಷ್ಟೇ ಅಂತರ.

ಆ ಒಂದು ಜೋಡಿಯ ಮಹತ್ತ್ವವೆಷ್ಟೆಂಬುದಕ್ಕೆ ಪ್ರಸಿದ್ಧವಾದ ಒಂದು ಗಿಡವೇ ಸಾಕ್ಷಿ. ೧೮೬೬ರಲ್ಲಿ ಪ್ರಕಟವಾದ ತನ್ನ ಲೇಖನದಲ್ಲಿ ಮೆಂಡೆಲ್ ಬಟಾಣಿಯ ಏಳು ಲಕ್ಷಣಗಳನ್ನು ಪರೀಕ್ಷಿಸಿ ಅನುವಂಶಿಕತೆಯ ನಿಯಮಗಳನ್ನು ನಿರೂಪಿಸಿದನು. ಆ ಏಳರಲ್ಲಿ ಒಂದು ಎತ್ತರ-ಗಿಡ್ಡ ಎಂಬ ಭೇದ. ೧೯೫೫ರಲ್ಲಿ ವೆಲ್ವಿನ್‌ನ ಬ್ರಯನ್ ಮತ್ತು ಹೆಮಿಂಗ್ ಗಿಡ್ಡ ಬಟಾಣಿಗೆ ಜಿಬ್ಬರೆಲಿಕ್ ಆಮ್ಲವನ್ನು ಕೊಟ್ಟಾಗ ಅದು ಎತ್ತರದ ತಳಿಯಂತೆಯೇ ಬೆಳೆಯಿತು. ಎತ್ತರದ ತಳಿಗೆ ಕೊಟ್ಟಾಗ ಹೆಚ್ಚಿನ ಬದಲಾವಣೆ ಕಾಣಲಿಲ್ಲ. ಮೆಂಡೆಲನ ಗಿಡ್ಡ ಬಟಾಣಿಯಲ್ಲಿ ಕೆಟ್ಟಿರುವುದು ಆ ಕಡೆಯ ಜೋಡಿಯನ್ನು ಅಂಟಿಸುವ ಕಿಣ್ವದ ಜೀನು ಎಂಬುದು ೧೯೯೭ರಲ್ಲಿ ಖಚಿತವಾಯಿತು. ಕಿಣ್ವದ ಉದ್ದವಾದ ಸರಪಣಿಯಲ್ಲಿ ಒಂದೇ ಒಂದು ಅಮೈನೋ ಆಮ್ಲದ ಜಾಗದಲ್ಲಿ ಇನ್ನೊಂದು ಬಂದು ಕುಳಿತಿದೆ. ಅಷ್ಟರಿಂದಲೇ ಗಿಡ ಗಿಡ್ಡವಾಗಿದೆ. ನೂರಮೂವತ್ತು ವರ್ಷ ಅನುವಂಶಿಕತೆಯ ಪಾಠಗಳಿಗೆಲ್ಲ ಮಾದರಿಯಾಗಿದ್ದ ಲಕ್ಷಣದ ಹಿಂದೆ ಒಂದು ಚೋದಕದ ಕೊರತೆಯಿದ್ದಿತು.

೫

ಜಿಬ್ಬರೆಲಿನ್ನಿನ ಕಾರ್ಯ ಕೇವಲ ಕಾಂಡವನ್ನು ಉದ್ದ ಮಾಡುವುದಲ್ಲ. ಬೀಜ ಮೊಳೆಯುವಾಗ ನಡೆಯುವುದನ್ನು ನೋಡಬಹುದು. ಬಾರ್ಲಿಯ ಕಾಳು ನೀರು ಹೀರಿದೊಡನೆ ಅದರ ಅಂಕುರವು ಜಿಬ್ಬರೆಲಿನ್ನನ್ನು ಸ್ರವಿಸುತ್ತದೆ. ಹಿಟ್ಟಿನ ಭಾಗವನ್ನು ಸುತ್ತುವರಿದ ತೆಳುಪದರದ ಜೀವಕೋಶಗಳಿಗೆ ಈ ಆಜ್ಞೆ ತಲುಪಿದಾಗ ಅವು ಅಮೈಲೇಸ್ ಎಂಬ ಕಿಣ್ವವನ್ನು ತಯಾರಿಸುತ್ತವೆ. ಆ ಕಿಣ್ವವು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತದೆ. ಎಳೆಯ ಮೊಳಕೆಯು ಆ ಸಕ್ಕರೆಯನ್ನು ಉಂಡು ಬೆಳೆಯುತ್ತದೆ. ಅಂಕುರವನ್ನು ಕತ್ತರಿಸಿ ತೆಗೆದ ಅರೆಗಾಳಿನಲ್ಲಿ ಪಿಷ್ಟವು ಕರಗದು. ಜಿಬ್ಬರೆಲಿನ್ ತೊಟ್ಟಿಕ್ಕಿದರೆ ಅಂಕುರವಿಲ್ಲದೆಯೂ ಕರಗುವುದು. ೧೯೬೦ರಲ್ಲಿ ಪೇಲೆಗ್ ಮತ್ತು ಯೋಮೊ ಎಂಬ ಇಬ್ಬರು ಬೇರೆಬೇರೆ ದೇಶಗಳಲ್ಲಿ ಈ ಸಂಗತಿಯನ್ನು ತೋರಿಸಿದರು. ಕನ್ನಡನಾಡಿನ ಮನೆಗಳಲ್ಲಿ ರಾಗಿಯನ್ನು ನೆನೆಹಾಕಿ, ಮೊಳಕೆ ಕಟ್ಟಿ, ಒಣಗಿಸಿ ಬೀಸಿದ ಹಿಟ್ಟಿನ ಗಂಜಿಯು ತೆಳ್ಳಗೂ ಸಿಹಿಯಾಗಿಯೂ ಇರುವುದು, ಮಗುವಿಗೂ ರೋಗಿಗೂ ಸುಲಭವಾಗಿ ಅರಗುವುದು, ಮೊಳಕೆಯಲ್ಲಿ ಹುಟ್ಟಿದ ಅಮೈಲೇಸಿನ ಫಲ.

ಮತ್ತೊಂದು ಸಂಗತಿಯು ಇದಕ್ಕಿಂತಲೂ ವಿಚಾರಾರ್ಹವಾದುದು. ಸೌತೆಯ ಬಳ್ಳಿಗೆ ಜಿಬ್ಬರೆಲಿನ್ ಸಿಂಪಡಿಸಿದರೆ ಗಂಡುಹೂಗಳು ಹೆಚ್ಚುತ್ತವೆ. ಮೆಕ್ಕೆಜೋಳದಲ್ಲಿ ಇದೇ ವಸ್ತುವು ಹೆಣ್ಣುತನದ ಪರವಾಗಿ ನಿಲ್ಲುತ್ತದೆ. ಇದರ ಕೊರತೆಯಿರುವ ಗಿಡ್ಡ ಮೆಕ್ಕೆಜೋಳದ ತೆನೆಯಲ್ಲಿ ಗಂಡು ಕೇಸರಗಳು ಮೂಡುತ್ತವೆ. ಎಲೆಗೋಸು, ಗಜ್ಜರಿ ಮೊದಲಾದ ಗಿಡಗಳಲ್ಲಿ ಇದು ಹೂದಂಟನ್ನು ಮೇಲಕ್ಕೆ ಎಬ್ಬಿಸುತ್ತದೆ. ಮಾವಿನಲ್ಲಿ ಹೂವನ್ನು ತಡೆದು ಎಲೆಚಿಗುರನ್ನು ಮುಂದೆಮಾಡುತ್ತದೆ. ಒಂದೇ ಅಣು ಒಂದೆಡೆ ಗಂಡು, ಮತ್ತೊಂದೆಡೆ ಹೆಣ್ಣು. ಒಂದೆಡೆ ಹೂವು, ಮತ್ತೊಂದೆಡೆ ಹೂವಿಲ್ಲ. ಈ ಫಲಭೇದವು ಅಣುವಿನಲ್ಲಿಲ್ಲ. ಆಜ್ಞೆಯನ್ನು ಕೇಳುವ ಜೀವಕೋಶದಲ್ಲಿದೆ. ಆದುದರಿಂದ ‘ಬೆಳವಣಿಗೆಯ ಚೋದಕ’ ಎಂಬ ಹೆಸರನ್ನು ಕೇಳಿ, ಸಿಂಪಡಿಸಿದ ಕಡೆಯೆಲ್ಲ ಬೆಳವಣಿಗೆ ಉಕ್ಕುವುದೆಂದು ಭಾವಿಸುವುದು ಸರಿಯಲ್ಲ.

೬

ಹಾಗಾದರೆ ಜೀವಕೋಶವು ಈ ಆಜ್ಞೆಯನ್ನು ಕೇಳುವ ಬಗೆ ಹೇಗೆ? ಬಹುಕಾಲ ವಿಜ್ಞಾನಿಗಳು ಜಿಬ್ಬರೆಲಿನ್ ಬೆಳವಣಿಗೆಯನ್ನು ಮುಂದಕ್ಕೆ ನೂಕುವ ಶಕ್ತಿಯೆಂದೇ ತಿಳಿದಿದ್ದರು. ೧೯೯೦ರ ದಶಕದಿಂದ ಈಚೆಗೆ ದೊರೆತ ಪ್ರಮಾಣಗಳು ಬೇರೆ ಚಿತ್ರವನ್ನು ಕೊಟ್ಟಿವೆ. ಜೀವಕೋಶದ ಬೀಜಕೇಂದ್ರದಲ್ಲಿ ‘ಡೆಲ್ಲಾ’ ಎಂದು ಕರೆಯಲ್ಪಡುವ ಪ್ರೋಟೀನುಗಳಿವೆ. ಅವುಗಳ ಒಂದು ಭಾಗದಲ್ಲಿ ನಿಯತವಾಗಿ ಬರುವ ಐದು ಅಮೈನೋ ಆಮ್ಲಗಳ ಅಕ್ಷರಸಂಕೇತಗಳನ್ನು ಕೂಡಿಸಿ ಮಾಡಿದ ಹೆಸರದು. ಈ ಪ್ರೋಟೀನುಗಳು ಬೆಳವಣಿಗೆಗೆ ಹಾಕಿದ ತಡೆಗಳು. ಬಂಡಿಯ ಚಕ್ರಕ್ಕೆ ಒಡ್ಡಿದ ಕಲ್ಲಿನಂತೆ. ಇವು ಇರುವವರೆಗೆ ಜೀವಕೋಶವು ಹಿಗ್ಗುವುದಿಲ್ಲ. ಜಿಬ್ಬರೆಲಿನ್ ಬಂದು ತನ್ನ ಗ್ರಾಹಕದಲ್ಲಿ ಕುಳಿತಾಗ ಗ್ರಾಹಕವು ಡೆಲ್ಲಾವನ್ನು ಹಿಡಿದುಕೊಳ್ಳುತ್ತದೆ. ಹಾಗೆ ಹಿಡಿಯಲ್ಪಟ್ಟ ಡೆಲ್ಲಾಕ್ಕೆ ನಾಶದ ಗುರುತು ಬೀಳುತ್ತದೆ. ಜೀವಕೋಶದೊಳಗೆ ಪ್ರೋಟೀನುಗಳನ್ನು ಚೂರುಮಾಡುವ ಏರ್ಪಾಡು ಅದನ್ನು ನುಂಗಿಬಿಡುತ್ತದೆ. ಕಲ್ಲು ಸರಿದ ಮೇಲೆ ಬಂಡಿ ಉರುಳುತ್ತದೆ. ಈ ಗ್ರಾಹಕವನ್ನು ೨೦೦೫ರಲ್ಲಿ ಜಪಾನಿನ ನಗೋಯಾ ವಿಶ್ವವಿದ್ಯಾನಿಲಯದವರು ಭತ್ತದಲ್ಲಿಯೇ ಮೊದಲು ಕಂಡುಹಿಡಿದರು.

ಹೀಗೆ ಜಿಬ್ಬರೆಲಿನ್ ಬೆಳವಣಿಗೆಯನ್ನು ಕೊಡುವುದಿಲ್ಲ. ಬೆಳವಣಿಗೆಗೆ ಇದ್ದ ತಡೆಯನ್ನು ತೆಗೆಯುತ್ತದೆ. ತಡೆಯೆಂಬುದು ದೋಷವಲ್ಲ. ಚಳಿ, ಬರ, ಉಪ್ಪುನೀರು ಮೊದಲಾದ ಸಂಕಟಗಳಲ್ಲಿ ಗಿಡವು ಡೆಲ್ಲಾವನ್ನು ಉಳಿಸಿಕೊಂಡು ಬೆಳವಣಿಗೆಯನ್ನು ನಿಲ್ಲಿಸಿ ಜೀವವನ್ನು ಕಾಯ್ದುಕೊಳ್ಳುತ್ತದೆ. ಪೆದ್ದು ಸಸಿಯ ದುರ್ಗತಿಯೆಂದರೆ ಶಿಲೀಂಧ್ರವು ಅದರ ತಡೆಗಳನ್ನೆಲ್ಲ ಕಿತ್ತೆಸೆದದ್ದು.

೭

ಭತ್ತವೂ ಗೋಧಿಯೂ ಹಿಂದೆ ಆಳೆತ್ತರದ ಬೆಳೆಗಳು. ಮಣ್ಣು ಬಡವಾಗಿದ್ದಾಗ, ಕಳೆ ಹೆಚ್ಚಾಗಿದ್ದಾಗ, ದನಗಳಿಗೆ ಹುಲ್ಲು ಬೇಕಾದಾಗ ಎತ್ತರದಿಂದ ಪ್ರಯೋಜನವಿದ್ದಿತು. ಆದರೆ ಸಾರಜನಕದ ಗೊಬ್ಬರ ಹಾಕಿದರೆ ಈ ತಳಿಗಳು ಮತ್ತಷ್ಟು ಎತ್ತರವಾಗಿ, ತೆನೆಯ ಭಾರಕ್ಕೆ ಬಾಗಿ, ಗಾಳಿಮಳೆಗೆ ನೆಲಕ್ಕೆ ಮಲಗಿಬಿಡುತ್ತಿದ್ದವು. ಹೆಚ್ಚು ಹಾಕಿದ ಗೊಬ್ಬರ ಹೆಚ್ಚು ನಷ್ಟಕ್ಕೆ ಕಾರಣವಾಗುತ್ತಿದ್ದಿತು. ಬೇಕಾದುದು ಗೊಬ್ಬರವನ್ನು ಉಂಡರೂ ಎತ್ತರವಾಗದ ಗಿಡ.

ಅಂಥ ಗಿಡಗಳು ಪೂರ್ವ ಏಷ್ಯಾದಲ್ಲಿಯೇ ಇದ್ದವು. ಯಾಬುಟಾ ಜಿಬ್ಬರೆಲಿನ್ನಿಗೆ ಹೆಸರಿಟ್ಟ ೧೯೩೫ರಲ್ಲಿಯೇ ಜಪಾನಿನಲ್ಲಿ ‘ನೋರಿನ್ ೧೦’ ಎಂಬ ಗಿಡ್ಡ ಗೋಧಿಯ ತಳಿ ನೋಂದಣಿಯಾಯಿತು. ಈ ಎರಡು ಸಂಗತಿಗಳಿಗೆ ಒಂದು ಸಂಬಂಧವುಂಟೆಂದು ಆಗ ಯಾರೂ ಅರಿಯರು. ೧೯೪೬ರಲ್ಲಿ ಆ ಗೋಧಿಯ ಬೀಜ ಅಮೆರಿಕಕ್ಕೆ ಹೋಯಿತು; ೧೯೫೦ರ ದಶಕದಲ್ಲಿ ಮೆಕ್ಸಿಕೋದಲ್ಲಿದ್ದ ನಾರ್ಮನ್ ಬೋರ್ಲಾಗನ ಕೈಸೇರಿತು. ಭತ್ತದ ಗಿಡ್ಡ ಮೂಲವು ‘ಡೀ-ಜಿಯೋ-ವೂ-ಜೆನ್’ ಎಂಬ ತೈವಾನಿನ ತಳಿ. ಕುರೊಸಾವಾ ಪೆದ್ದು ಸಸಿಯ ಗುಟ್ಟನ್ನು ಬಿಡಿಸಿದ ದ್ವೀಪದ್ದೇ ಈ ಗಿಡ್ಡ ಭತ್ತವೂ. ಇದನ್ನು ಇಂಡೊನೇಷ್ಯಾದ ಎತ್ತರದ ‘ಪೇಟಾ’ ತಳಿಯೊಡನೆ ಸಂಕರಿಸಿ ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನ ಸಂಸ್ಥೆಯು ೧೯೬೬ರಲ್ಲಿ ‘ಐ.ಆರ್. ೮’ ತಳಿಯನ್ನು ಬಿಡುಗಡೆ ಮಾಡಿತು. ತೈವಾನಿನ ಗಿಡ್ಡ ತಳಿಯ ರಕ್ತವಿದ್ದ ‘ಜಯಾ’ ೧೯೬೮ರಲ್ಲಿ ಭಾರತದಲ್ಲಿಯೇ ಸಿದ್ಧವಾಗಿ, ಕರ್ನಾಟಕದ ಗದ್ದೆಗಳಿಗೂ ಇಳಿಯಿತು.

ಆ ವರ್ಷಗಳು ಭಾರತಕ್ಕೆ ಕಷ್ಟದ ವರ್ಷಗಳು. ೧೯೬೫-೬೬ರಲ್ಲಿಯೂ ೧೯೬೬-೬೭ರಲ್ಲಿಯೂ ಬರ ಬಂದಿತು. ಅಮೆರಿಕದ ಹಡಗುಗಳಿಂದ ಇಳಿಯುವ ಗೋಧಿಯನ್ನು ನೆಚ್ಚಿ ನಗರಗಳು ಉಣ್ಣಬೇಕಾಗಿದ್ದಿತು. ೧೯೬೬ರಲ್ಲಿ ಭಾರತವು ಮೆಕ್ಸಿಕೋದಿಂದ ೧೮,೦೦೦ ಟನ್ ಗಿಡ್ಡ ಗೋಧಿಯ ಬೀಜವನ್ನು ತರಿಸಿತು. ೧೯೬೪-೬೫ರಲ್ಲಿ ಸುಮಾರು ೧ ಕೋಟಿ ೨೩ ಲಕ್ಷ ಟನ್ ಇದ್ದ ದೇಶದ ಗೋಧಿಯ ಉತ್ಪತ್ತಿ ೧೯೭೦-೭೧ಕ್ಕೆ ಸುಮಾರು ೨ ಕೋಟಿ ೩೮ ಲಕ್ಷ ಟನ್ನಿಗೆ ಏರಿತು. ನೀರು, ಗೊಬ್ಬರ, ಬೆಂಬಲಬೆಲೆ ಇವೆಲ್ಲವೂ ಅದಕ್ಕೆ ಕಾರಣವೇ. ಆದರೆ ಅವುಗಳ ಭಾರವನ್ನು ಹೊತ್ತು ನಿಲ್ಲಬಲ್ಲ ದಂಟು ಇಲ್ಲದಿದ್ದರೆ ಅವು ನಿರರ್ಥಕವಾಗುತ್ತಿದ್ದವು. ಗಿಡ್ಡ ತಳಿಯು ಹಳೆಯದಕ್ಕಿಂತ ಬಹಳ ಹೆಚ್ಚು ಆಹಾರವನ್ನು ಸಂಪಾದಿಸುವುದಿಲ್ಲ. ಸಂಪಾದನೆಯ ಹಂಚಿಕೆಯನ್ನು ಬದಲಿಸುತ್ತದೆ. ಹಳೆಯ ತಳಿಗಳಲ್ಲಿ ನೆಲದ ಮೇಲಿನ ಒಟ್ಟು ತೂಕದ ಸುಮಾರು ಮೂರನೆಯ ಒಂದು ಭಾಗ ಕಾಳಾಗುತ್ತಿದ್ದರೆ, ಹೊಸ ತಳಿಗಳಲ್ಲಿ ಅದು ಅರ್ಧದವರೆಗೆ ಏರಿತು. ದಂಟಿನ ಖಾತೆಯಲ್ಲಿ ಖರ್ಚಾಗುತ್ತಿದ್ದುದು ಕಾಳಿನ ಖಾತೆಗೆ ಜಮೆಯಾಯಿತು.

ಈ ಗಿಡ್ಡತನದ ರಸಾಯನ ತಿಳಿದುದು ಬಹಳ ತಡವಾಗಿ. ಗಿಡ್ಡ ಗೋಧಿಯ ಜೀನುಗಳು ಡೆಲ್ಲಾ ಪ್ರೋಟೀನಿನವೇ ಎಂಬುದು ೧೯೯೯ರಲ್ಲಿ ಬೆಳಕಿಗೆ ಬಂದಿತು. ಆ ಪ್ರೋಟೀನಿನಲ್ಲಿ ಗ್ರಾಹಕವು ಹಿಡಿಯಬೇಕಾದ ಭಾಗವು ಕೆಟ್ಟಿರುವುದರಿಂದ ಜಿಬ್ಬರೆಲಿನ್ ಎಷ್ಟಿದ್ದರೂ ತಡೆ ಸರಿಯುವುದಿಲ್ಲ. ಭತ್ತದಲ್ಲಿ ಆದುದು ಬೇರೆ. ಐ.ಆರ್. ೮ರಲ್ಲಿ ಜಿಬ್ಬರೆಲಿನ್ನನ್ನು ತಯಾರಿಸುವ ಒಂದು ಕಿಣ್ವದ ಜೀನು ಮುರಿದಿದೆಯೆಂದು ೨೦೦೨ರಲ್ಲಿ ತಿಳಿದುಬಂದಿತು. ಗೋಧಿ ಆಜ್ಞೆಯನ್ನು ಕೇಳದು. ಭತ್ತದಲ್ಲಿ ಆಜ್ಞೆಯೇ ಕಡಮೆ. ತಳಿಗಾರರು ಇವಾವುದನ್ನೂ ಅರಿಯದೆ, ಹೊಲದಲ್ಲಿ ನಿಂತು ಕಣ್ಣಳತೆಯಿಂದ ಆರಿಸಿದ ಗಿಡಗಳು ಎರಡು ಬೇರೆ ದಾರಿಗಳಿಂದ ಒಂದೇ ಚೋದಕಕ್ಕೆ ಬಂದು ಮುಟ್ಟಿದ್ದವು. ಇನ್ನೂ ಒಂದು ವಿಷಯ: ಪ್ರವಾಹದ ನೀರು ಏರಿದಂತೆಲ್ಲ ತಾನೂ ಏರಿ ಜೀವ ಉಳಿಸಿಕೊಳ್ಳುವ ಬಂಗಾಳದ ಕಡೆಯ ಆಳನೀರಿನ ಭತ್ತದಲ್ಲಿ ಇದೇ ಜೀನಿನ ಚುರುಕಾದ ರೂಪವಿದೆಯೆಂದು ೨೦೧೮ರಲ್ಲಿ ಪ್ರಕಟವಾಯಿತು. ನೆರೆಯ ನಾಡಿನಲ್ಲಿ ಪ್ರಾಣರಕ್ಷಕವಾದ ಎತ್ತರವೇ ಕಾಲುವೆಯ ನಾಡಿನಲ್ಲಿ ನಷ್ಟಕ್ಕೆ ಕಾರಣ.

೮

ಬೀಜವನ್ನು ಬದಲಿಸದೆ ಚೋದಕವನ್ನೇ ಹೆಚ್ಚಿಸುವ ಅಥವಾ ತಗ್ಗಿಸುವ ಕ್ರಮವು ತೋಟಗಾರಿಕೆಯಲ್ಲಿ ರೂಢವಾಗಿದೆ. ಹೆಚ್ಚಿಸುವುದಕ್ಕೆ ನಿದರ್ಶನ ದ್ರಾಕ್ಷಿ. ಹಣ್ಣು ದಪ್ಪವಾಗಲು ಬೇಕಾದ ಜಿಬ್ಬರೆಲಿನ್ನನ್ನು ಸ್ವಾಭಾವಿಕವಾಗಿ ಒದಗಿಸುವುದು ಹಣ್ಣಿನೊಳಗಿನ ಬೀಜ. ಬೀಜವಿಲ್ಲದ ತಳಿಗಳಲ್ಲಿ ಆ ಮೂಲವೇ ಇಲ್ಲವಾದುದರಿಂದ ಹಣ್ಣುಗಳು ಸಣ್ಣಗೆ, ಗೊಂಚಲು ಒತ್ತೊತ್ತಾಗಿ ಉಳಿಯುತ್ತವೆ. ನಾಸಿಕ, ಸಾಂಗಲಿ, ವಿಜಯಪುರದ ತೋಟಗಳಲ್ಲಿ ಗೊಂಚಲುಗಳನ್ನು ಜಿಬ್ಬರೆಲಿಕ್ ಆಮ್ಲದ ದ್ರಾವಣದಲ್ಲಿ ಅದ್ದುವುದು ಅಥವಾ ಅದನ್ನು ಸಿಂಪಡಿಸುವುದು ಇದಕ್ಕಾಗಿಯೇ. ಹತ್ತು ಲಕ್ಷ ಭಾಗ ನೀರಿಗೆ ಕೆಲವು ಹತ್ತು ಭಾಗಗಳಷ್ಟು ಆಮ್ಲ ಸಾಕು. ಕಾಲ ತಪ್ಪಿದರೆ ಅಥವಾ ಪ್ರಮಾಣ ಮೀರಿದರೆ ಕಾಯಿ ಉದುರುವುದು, ಗೊಂಚಲಿನ ದಂಟು ಬಿರುಸಾಗುವುದು, ಮುಂದಿನ ವರ್ಷದ ಫಸಲು ಕುಗ್ಗುವುದು ಮೊದಲಾದ ಕೇಡುಗಳು ಉಂಟಾಗುತ್ತವೆ.

ತಗ್ಗಿಸುವುದಕ್ಕೆ ನಿದರ್ಶನ ಕೊಂಕಣದ ಆಪೂಸು ಮಾವು. ಒಂದು ವರ್ಷ ಫಲಕೊಟ್ಟು ಮರುವರ್ಷ ಬಿಡುವು ಮಾಡುವ ಚಾಳಿ ಈ ಮರಕ್ಕಿದೆ. ಜಿಬ್ಬರೆಲಿನ್ ಮಾವಿನಲ್ಲಿ ಹೂವಿಗೆ ವಿರೋಧಿಯೆಂದು ಮೇಲೆ ಹೇಳಿದೆ. ಪ್ಯಾಕ್ಲೊಬ್ಯುಟ್ರಜಾಲ್ ಎಂಬ ಕೃತಕ ವಸ್ತುವನ್ನು ಮರದ ಬುಡದ ಮಣ್ಣಿಗೆ ಹಾಕಿದರೆ ಅದು ಬೇರಿನ ಮೂಲಕ ಏರಿ, ಕೌರೀನ್ ಎಂಬ ಪೂರ್ವರೂಪವನ್ನು ಮುಂದಕ್ಕೆ ಸಾಗಿಸುವ ಕಿಣ್ವವನ್ನು ಕಟ್ಟಿಹಾಕುತ್ತದೆ. ಜಿಬ್ಬರೆಲಿನ್ ತಗ್ಗುತ್ತದೆ, ಎಲೆಚಿಗುರು ಹಿಂದೆ ಸರಿದು ಹೂವು ಮುಂದೆ ಬರುತ್ತದೆ. ಇದರಿಂದ ರತ್ನಾಗಿರಿ, ಸಿಂಧುದುರ್ಗಗಳ ತೋಟಗಾರರಿಗೆ ಪ್ರತಿವರ್ಷ ಫಸಲೂ, ಹೆಚ್ಚು ಬೆಲೆ ಬರುವ ಕಾಲದಲ್ಲಿ ಹಣ್ಣೂ ದೊರೆಯುವಂತಾಯಿತು. ಆದರೆ ಈ ವಸ್ತುವು ಮಣ್ಣಿನಲ್ಲಿ ಬಹುಕಾಲ ಉಳಿಯುತ್ತದೆ. ವರ್ಷವರ್ಷವೂ ಅಳತೆಯಿಲ್ಲದೆ ಸುರಿದರೆ ಮರದ ಬೆಳವಣಿಗೆಯೇ ಕುಂಠಿತವಾಗುತ್ತದೆ. ಗೊಬ್ಬರ ನೀಡದೆ, ಮರದ ವಯಸ್ಸನ್ನೂ ಹರವನ್ನೂ ಲೆ‌ಕ್ಕಿಸದೆ ಹೂವನ್ನು ಮಾತ್ರ ಬಲವಂತವಾಗಿ ಪಡೆಯುವುದು ಮರದ ಮೂಲಧನವನ್ನೇ ಬಡ್ಡಿಯೆಂದು ತಿಂದಂತೆ.

೯

ಗಿಡ್ಡ ತಳಿಗಳ ಲಾಭವೂ ನಷ್ಟವಿಲ್ಲದೆ ಬಂದುದಲ್ಲ. ದನಗಳಿಗೆ ಹುಲ್ಲು ಕಡಮೆಯಾಯಿತು. ಗಿಡ್ಡ ಗೋಧಿಯ ಮೊಳಕೆಯೂ ಗಿಡ್ಡವಾದುದರಿಂದ ತೇವವನ್ನು ಅರಸಿ ಆಳಕ್ಕೆ ಬಿತ್ತಿದರೆ ಅದು ಮೇಲೆ ಬರಲಾರದೆ ಹೋಗುತ್ತದೆ. ಮಳೆಯನ್ನು ನಂಬಿದ ಒಣಭೂಮಿಗೆ ಇದೊಂದು ಕೊರತೆ. ಇವೆಲ್ಲಕ್ಕಿಂತ ದೊಡ್ಡದು ಗೊಬ್ಬರದ ಸಾಲ. ಎತ್ತರವನ್ನು ತಡೆಯುವ ಡೆಲ್ಲಾ ಪ್ರೋಟೀನು ಬೇರಿನಿಂದ ಸಾರಜನಕವನ್ನು ಹೀರುವ ಕಾರ್ಯವನ್ನೂ ತಡೆಯುತ್ತದೆಂದು ೨೦೧೮ರಲ್ಲಿ ಚೀನದ ವಿಜ್ಞಾನಿಗಳು ಭತ್ತದ ಮೇಲಿನ ಪ್ರಯೋಗಗಳಿಂದ ತೋರಿಸಿದರು. ಗಿಡ್ಡ ತಳಿಗಳು ಗೊಬ್ಬರವನ್ನು ತಾಳಿಕೊಳ್ಳುತ್ತವೆ, ಆದರೆ ಅದನ್ನು ದಕ್ಷವಾಗಿ ಹೀರಲಾರವು. ಹೀರದೆ ಉಳಿದ ಸಾರಜನಕ ನೀರಿಗೆ ಸೇರಿ ಕೆರೆ-ಬಾವಿಗಳನ್ನು ಕೆಡಿಸುತ್ತದೆ, ಗಾಳಿಗೆ ಸೇರಿ ಅಲ್ಲಿಯೂ ಕೇಡು ಮಾಡುತ್ತದೆ. ಅದೇ ಸಂಶೋಧನೆಯು ಒಂದು ದಾರಿಯನ್ನೂ ತೋರಿಸಿದೆ. ಡೆಲ್ಲಾಕ್ಕೆ ಎದುರಾಗಿ ನಿಲ್ಲುವ ಇನ್ನೊಂದು ಪ್ರೋಟೀನಿನ ಪ್ರಮಾಣವನ್ನು ಹೆಚ್ಚಿಸಿದರೆ, ಗಿಡವು ಗಿಡ್ಡವಾಗಿಯೇ ಉಳಿದು ಸಾರಜನಕವನ್ನು ಮಾತ್ರ ಹೆಚ್ಚಾಗಿ ಹೀರುತ್ತದೆ.

ಪೆದ್ದು ಸಸಿಯ ರೋಗವೂ ಮುಗಿದುಹೋದ ಚರಿತ್ರೆಯಲ್ಲ. ಪಂಜಾಬ್, ಹರಿಯಾಣಗಳ ಬಾಸ್ಮತಿ ಗದ್ದೆಗಳಲ್ಲಿ ಅದು ಗಂಭೀರವಾದ ಉಪದ್ರವವಾಗಿದೆ. ಬೀಜದೊಡನೆಯೇ ಸಾಗುವ ರೋಗವಾದುದರಿಂದ ಶುದ್ಧವಾದ ಬೀಜ, ಉಪ್ಪುನೀರಿನಲ್ಲಿ ಜೊಳ್ಳನ್ನು ತೇಲಿಸಿ ಬೇರ್ಪಡಿಸುವುದು, ಬಿತ್ತುವ ಮೊದಲು ಬೀಜೋಪಚಾರ ಮಾಡುವುದು, ರೋಗದ ಸಸಿಗಳನ್ನು ಕಿತ್ತು ನಾಶಮಾಡುವುದು—ಇವೇ ಇಂದಿಗೂ ಮುಖ್ಯವಾದ ಉಪಾಯಗಳು.

೧೯೬೦ರ ದಶಕದಲ್ಲಿ ತಳಿ ಮೊದಲು ಬಂದಿತು, ಅದರ ಅರ್ಥ ಮೂರು ದಶಕಗಳ ಬಳಿಕ ತಿಳಿಯಿತು. ಹಸಿವು ಬಾಗಿಲಲ್ಲಿದ್ದಾಗ ಅರ್ಥಕ್ಕಾಗಿ ಕಾಯುವಂತಿರಲಿಲ್ಲ. ಈಗ ಆ ಕ್ರಮ ತಲೆಕೆಳಗಾಗಿದೆ: ಯಾವ ತಡೆಯನ್ನು ಎಲ್ಲಿ ಸಡಿಲಿಸಬೇಕು, ಯಾವುದನ್ನು ಎಲ್ಲಿ ಉಳಿಸಬೇಕು ಎಂಬ ತಿಳಿವಳಿಕೆ ಮುಂದಿದೆ, ತಳಿ ಹಿಂದಿದೆ. ಗೊಬ್ಬರವನ್ನು ಕಡಮೆ ಬೇಡುವ ಗಿಡ್ಡ ಭತ್ತವನ್ನು ಮಂಡ್ಯದ ಅಥವಾ ಗಂಗಾವತಿಯ ರೈತನ ಗದ್ದೆಯವರೆಗೆ ತಲುಪಿಸುವುದು ಮುಂದಿನ ತಲೆಮಾರಿನ ತಳಿಗಾರರ ಹೊಣೆ.